ಗಾಡಿ ಗುತ್ತಿಗೆಗೆ, ಅಳತೆ ಸಂಘಕ್ಕೆ

ಬೆಳಗಿನ ಜಾವ ಹಳ್ಳಿಯ ಡೇರಿಯ ಮುಂದೆ ಬಂದು ನಿಲ್ಲುವ ಹಾಲಿನ ಗಾಡಿಯ ಮೈಮೇಲೆ ನಂದಿನಿಯ ಹೆಸರು ಬರೆದಿರಬಹುದು. ಅದರ ನೋಂದಣಿ ಪುಸ್ತಕ ತೆಗೆದು ನೋಡಿದರೆ ಬಹುಪಾಲು ಬೇರೆ ಯಾರದೋ ಹೆಸರಿರುತ್ತದೆ. ಗಾಡಿ ಗುತ್ತಿಗೆದಾರನದು, ಚಾಲಕ ಅವನ ಕಡೆಯವನು, ಡೀಸೆಲ್ಲು, ಟೈರು, ವಿಮೆ ಎಲ್ಲ ಅವನ ತಲೆನೋವು. ಜಿಲ್ಲೆಯ ಹಾಲು ಒಕ್ಕೂಟ ಕೊಡುವುದು ಕಿಲೋಮೀಟರಿಗೆ ಇಷ್ಟು ಎಂಬ ಬಾಡಿಗೆ ಮಾತ್ರ. ಕರ್ನಾಟಕದ ಸಹಕಾರಿ ಹೈನುಗಾರಿಕೆಯ ಅರ್ಧ ಶತಮಾನದ ಕಥೆ ಹೇಳುವಾಗ ನಾವು ಸೀಮೆಹಸುವಿನಿಂದ ಶುರುಮಾಡುತ್ತೇವೆ, ವಿಶ್ವಬ್ಯಾಂಕಿನ ಸಾಲಕ್ಕೆ ಬರುತ್ತೇವೆ, ಅಮುಲ್ ಕಟ್ಟಿದ ವರ್ಗೀಸ್ ಕುರಿಯನ್ ಅವರನ್ನು ನೆನೆಯುತ್ತೇವೆ, ನೀಲಿ ಪೊಟ್ಟಣದ ಹತ್ತಿರ ಮುಗಿಸುತ್ತೇವೆ. ಆ ಕಥೆಯಲ್ಲಿ ಗಾಡಿಗೆ ಜಾಗವೇ ಇಲ್ಲ. ಹೊರಗುತ್ತಿಗೆ ಎಂಬುದು ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳ ಜೊತೆಗೆ ಹುಟ್ಟಿದ ಪದ್ಧತಿ ಎಂದು ಎಣಿಸಿದವರು ಒಮ್ಮೆ ಈ ಗಾಡಿಯ ಕಡೆ ನೋಡಬೇಕು. ಆ ಕಚೇರಿಗಳು ತಲೆಯೆತ್ತುವ ಮೊದಲೇ ನಮ್ಮ ಹಳ್ಳಿಗಳ ಹಾಲು ಬಾಡಿಗೆ ಚಕ್ರದ ಮೇಲೆ ಪೇಟೆಗೆ ಹೋಗುತ್ತಿತ್ತು. ಈ ಲೇಖನದಲ್ಲಿ ನಾನು ಹೇಳಹೊರಟಿರುವುದು ಒಂದೇ ಮಾತು: ಸಹಕಾರಿ ಡೇರಿ ಗಾಡಿಯನ್ನು ಹೊರಗಿನವರ ಕೈಗೆ ಕೊಟ್ಟಿತು, ಅಳತೆಯನ್ನು ಕೊಡಲಿಲ್ಲ, ಅದು ಉಳಿದು ಬೆಳೆದದ್ದು ಈ ಒಂದು ಹಟದಿಂದ. ಕಂಪ್ಯೂಟರು, ಯಂತ್ರ, ಮೊಬೈಲು ಇವೆಲ್ಲ ಬಂದ ಮೇಲೂ ಅವು ಫಲ ಕೊಟ್ಟದ್ದು ಅಳತೆಯನ್ನು ಗಟ್ಟಿ ಮಾಡಿದ ಕಡೆಯಲ್ಲಿ. ಅಳತೆ ಸಡಿಲವಾದ ಕಡೆ ಸಂಸ್ಥೆ ಪೆಟ್ಟು ತಿಂದಿದೆ, ಅದನ್ನೂ ಮುಚ್ಚಿಡಬೇಕಾಗಿಲ್ಲ.

ಇದರ ಬೇರು ಹುಡುಕುವುದಾದರೆ ಗುಜರಾತಿನ ಖೇಡಾ ಜಿಲ್ಲೆಗೆ ಹೋಗಬೇಕು. 1945ರಲ್ಲಿ ಮುಂಬಯಿ ಸರ್ಕಾರ ನಗರಕ್ಕೆ ಹಾಲು ತರಿಸುವ ಯೋಜನೆ ಹಾಕಿ, ಖೇಡಾದ ಹಾಲನ್ನು ಕೊಳ್ಳುವ ಏಕಸ್ವಾಮ್ಯವನ್ನು ಪಾಲ್ಸನ್ ಕಂಪನಿಗೆ ಬಿಟ್ಟುಕೊಟ್ಟಿತು. ಪಾಲ್ಸನ್ನಿಗೂ ರೈತನಿಗೂ ನಡುವೆ ಕಂಟ್ರಾಕ್ಟರುಗಳು ನಿಂತರು. ಹಾಲು ಎಷ್ಟು ಎಂದು ಅಳೆಯುವವರು ಅವರೇ, ಕೊಬ್ಬು ಎಷ್ಟಿದೆ ಎಂದು ಹೇಳುವವರು ಅವರೇ, ದರ ಕಟ್ಟುವವರೂ ಅವರೇ. ಇಂದಿನ ಭಾಷೆಯಲ್ಲಿ ಇದೂ ಹೊರಗುತ್ತಿಗೆಯೇ. ಸರ್ಕಾರ ಗಾಡಿಯನ್ನೂ ತಕ್ಕಡಿಯನ್ನೂ ಒಟ್ಟಿಗೆ ಒಬ್ಬರ ಕೈಗೆ ಒಪ್ಪಿಸಿಬಿಟ್ಟಿತ್ತು. 1946ರಲ್ಲಿ ರೈತರು ಹದಿನೈದು ದಿನ ಹಾಲು ಹಾಕುವುದನ್ನೇ ನಿಲ್ಲಿಸಿದರು. ಆ ವರ್ಷದ ಡಿಸೆಂಬರಿನಲ್ಲಿ ತ್ರಿಭುವನದಾಸ್ ಪಟೇಲರ ನೇತೃತ್ವದಲ್ಲಿ ಖೇಡಾ ಜಿಲ್ಲಾ ಒಕ್ಕೂಟ ನೋಂದಣಿಯಾಯಿತು. ಇಲ್ಲಿ ಸಾಮಾನ್ಯವಾಗಿ ಯಾರೂ ಎತ್ತಿ ಹೇಳದ ಸಂಗತಿಯೊಂದಿದೆ. ಪಾಲ್ಸನ್ ಕಾಲದಲ್ಲಿ ಖೇಡಾ ಜಿಲ್ಲೆಯ ಆಣಂದದಿಂದ ನಾನೂರು ಕಿಲೋಮೀಟರಿಗೂ ಹೆಚ್ಚು ದೂರದ ಮುಂಬಯಿಗೆ ಹಾಲು ಹೊತ್ತದ್ದು ರೈಲು. ಒಕ್ಕೂಟದ ಕಾಲದಲ್ಲಿ ಹೊತ್ತದ್ದೂ ಅದೇ ರೈಲು. ರೈತರು ತಮ್ಮದೊಂದು ರೈಲು ಬೇಕೆಂದು ಹೋರಾಡಲಿಲ್ಲ. ಅವರು ಕೇಳಿದ್ದು ಹಳ್ಳಿಯಲ್ಲಿ ಹಾಲಳೆಯುವ ಲೀಟರು ತಮ್ಮ ಸಂಘದ್ದಾಗಿರಬೇಕು, ಕೊಬ್ಬಿನ ಪರೀಕ್ಷೆ ತಮ್ಮ ಕಣ್ಣೆದುರು ಆಗಬೇಕು ಎಂದು. ಸಾಗಣೆ ಯಾರದಾದರೂ ಆಗಲಿ, ಅಳತೆ ತಮ್ಮದಾಗಿರಲಿ ಎಂಬ ವಿಂಗಡಣೆಯನ್ನು ಯಾವ ಆಡಳಿತ ಶಾಸ್ತ್ರದ ಪುಸ್ತಕವೂ ಅವರಿಗೆ ಕಲಿಸಿರಲಿಲ್ಲ.

ಕರ್ನಾಟಕದಲ್ಲಿ ಮೊದಲ ಡೇರಿ 1955ರಲ್ಲಿ ಕೊಡಗಿನ ಕೂಡಿಗೆಯಲ್ಲಿ ಆರಂಭವಾಯಿತು. ಬೆಂಗಳೂರು ಡೇರಿ ಕೆಲಸ ಶುರುಮಾಡಿದ್ದು 1965ರಲ್ಲಿ. ಆದರೆ ಹಳ್ಳಿಗೊಂದು ಉತ್ಪಾದಕರ ಸಂಘ, ಸಂಘಗಳ ಮೇಲೊಂದು ಜಿಲ್ಲಾ ಒಕ್ಕೂಟ, ಒಕ್ಕೂಟಗಳ ಮೇಲೊಂದು ರಾಜ್ಯ ಸಂಸ್ಥೆ ಎಂಬ ಆಣಂದ ಮಾದರಿಯ ಮೂರಂತಸ್ತು ಇಲ್ಲಿ ಕಟ್ಟಲಾರಂಭಿಸಿದ್ದು 1974ರಲ್ಲಿ, ವಿಶ್ವಬ್ಯಾಂಕಿನ ನೆರವಿನಿಂದ. ದೇಶದಲ್ಲೇ ಆ ಬ್ಯಾಂಕು ಹೈನುಗಾರಿಕೆಗೆ ನೆರವು ಕೊಟ್ಟ ಮೊದಲ ಯೋಜನೆ ಅದು. ಮೊದಲು ಕರ್ನಾಟಕ ಡೇರಿ ಅಭಿವೃದ್ಧಿ ನಿಗಮವಾಗಿದ್ದದ್ದು 1984ರಲ್ಲಿ ಸಹಕಾರಿ ಮಹಾಮಂಡಳಿಯಾಯಿತು. ಜನರ ಬಾಯಲ್ಲಿ ಕೆಎಂಎಫ್. ದಿನಕ್ಕೆ ಸಾವಿರಗಳ ಲೆಕ್ಕದಲ್ಲಿ ಶುರುವಾದ ಸಂಗ್ರಹ 2024ರ ಮಳೆಗಾಲದ ಹೊತ್ತಿಗೆ ದಿನಕ್ಕೆ ಒಂದು ಕೋಟಿ ಲೀಟರಿನ ಗಡಿ ಮುಟ್ಟಿತು. ಈ ಹಾಲಿನ ಪ್ರತಿ ಹನಿಯೂ ಬೆಳಗ್ಗೆ ಸಂಜೆ ಎರಡು ಹೊತ್ತು, ಭಾನುವಾರ ಹಬ್ಬ ಎನ್ನದೆ, ಚಿಕ್ಕ ಹಿಡುವಳಿದಾರರ ಕೊಟ್ಟಿಗೆಗಳಿಂದ ಹೊರಡಬೇಕು. ಬೇರೆ ಸರಕು ಎರಡು ದಿನ ಗೋದಾಮಿನಲ್ಲಿ ಕಾಯುತ್ತದೆ. ಹಾಲು ಕಾಯುವುದಿಲ್ಲ.

ಗಾಡಿ ಏಕೆ ಬಾಡಿಗೆಯದು ಎಂಬ ಪ್ರಶ್ನೆಗೆ ಉತ್ತರ ಈ ಕಾಯದ ಗುಣದಲ್ಲೇ ಇದೆ. ಕರೆದ ಹಾಲಿಗೆ ಹಸುವಿನ ಮೈಬಿಸಿ ಇರುತ್ತದೆ. ಆ ಬಿಸಿಯಲ್ಲಿ ಸೂಕ್ಷ್ಮಾಣುಗಳು ಅರ್ಧ ಗಂಟೆಗೊಮ್ಮೆ ಇಮ್ಮಡಿಯಾಗಬಲ್ಲವು. ತಂಪು ಮಾಡುವ ವ್ಯವಸ್ಥೆ ಹಳ್ಳಿಯಲ್ಲಿ ಇಲ್ಲದಿದ್ದ ಕಾಲದಲ್ಲಿ ಮೂರು ನಾಲ್ಕು ಗಂಟೆಯೊಳಗೆ ಹಾಲು ಶೀತಲ ಕೇಂದ್ರ ಸೇರದಿದ್ದರೆ ಒಡೆಯುತ್ತಿತ್ತು. ಅಂದರೆ ಎಲ್ಲ ಹಳ್ಳಿಗಳಿಗೂ ಒಂದೇ ಹೊತ್ತಿಗೆ ಗಾಡಿ ಬೇಕು. ಒಂದೇ ಗಾಡಿ ಹತ್ತು ರೂಟು ಸುತ್ತಿ ಬರಲಾರದು. ಬೆಳಗಿನ ರೂಟು ಮುಗಿದ ಮೇಲೆ ಸಂಜೆಯವರೆಗೆ ಅದಕ್ಕೆ ಕೆಲಸವಿಲ್ಲ. ಒಕ್ಕೂಟವೇ ಗಾಡಿ ಇಟ್ಟುಕೊಂಡಿದ್ದರೆ ನೂರಾರು ಗಾಡಿಗಳು ಹಗಲೆಲ್ಲ ಡೇರಿಯ ಅಂಗಳದಲ್ಲಿ ನಿಂತು ತುಕ್ಕು ಹಿಡಿಯುತ್ತಿದ್ದವು, ಚಾಲಕರ ಸಂಬಳ ಮಾತ್ರ ಓಡುತ್ತಿತ್ತು. ಗಾಡಿಯ ಮಾಲೀಕನಿಗಾದರೆ ಆ ಹಗಲು ಮತ್ತೊಂದು ದುಡಿಮೆ: ತರಕಾರಿಗೆ, ಇಟ್ಟಿಗೆಗೆ, ಗೊಬ್ಬರಕ್ಕೆ, ಮದುವೆಯ ಪಾತ್ರೆಗೆ. ಈ ಖಾಲಿ ಹೊತ್ತಿನ ಬೆಲೆಯನ್ನು ಸಂಸ್ಥೆ ಹೊರಲಿಲ್ಲ ಎಂಬುದೇ ಹೊರಗುತ್ತಿಗೆಯ ಮೊದಲ ಲಾಭ. ಎರಡನೆಯದು ತುಂಬುವಿಕೆಯ ಲೆಕ್ಕ. ನಲವತ್ತು ಲೀಟರಿನ ಅರುವತ್ತು ಕ್ಯಾನು ಹಿಡಿಸುವ ಗಾಡಿ ತುಂಬಿ ಬಂದರೆ ಎರಡು ಸಾವಿರದ ನಾನೂರು ಲೀಟರು. ಬೇಸಗೆಯಲ್ಲಿ ಹಾಲು ಇಳಿದು ಮೂವತ್ತೇ ಕ್ಯಾನು ಬಂದರೆ ಬಾಡಿಗೆ ಅಷ್ಟೇ ಇದ್ದು ಲೀಟರಿನ ಮೇಲೆ ಬೀಳುವ ಖರ್ಚು ಇಮ್ಮಡಿ. ಹಾಗಾಗಿ ಹಾಲು ಏರಿದಾಗ ರೂಟು ಒಡೆಯುವುದು, ಇಳಿದಾಗ ಎರಡು ರೂಟು ಕೂಡಿಸುವುದು, ಟೆಂಡರಿನಲ್ಲಿ ದರ ಇಳಿಸುವುದು ಒಕ್ಕೂಟದ ಅಧಿಕಾರಿಗಳಿಗೆ ನಿತ್ಯದ ಕಸುಬಾಯಿತು. ಸ್ವಂತ ಗಾಡಿ, ಕಾಯಂ ಚಾಲಕರನ್ನು ಇಟ್ಟುಕೊಂಡು ಋತುಮಾನಕ್ಕೆ ತಕ್ಕಂತೆ ಹೀಗೆ ಹಿಗ್ಗಿ ಕುಗ್ಗಲು ಆಗುತ್ತಿರಲಿಲ್ಲ.

ಆದರೆ ಗಾಡಿ ಹೊರಗಿನವರದಾದ ಕೂಡಲೇ ಒಂದು ಪ್ರಶ್ನೆ ಏಳುತ್ತದೆ: ಹಳ್ಳಿ ಬಿಟ್ಟ ಹಾಲೇ ಡೇರಿ ಸೇರಿತೆಂದು ತಿಳಿಯುವುದು ಹೇಗೆ? ಹಾಲಿಗೆ ನೀರು ಬೆರೆಸುವುದು ಹಾಲು ಮಾರುವಷ್ಟೇ ಹಳೆಯ ವಿದ್ಯೆ. ಬರೀ ತೂಕಕ್ಕೆ ಹಣ ಕೊಡುವ ಕಡೆ ಆ ವಿದ್ಯೆಗೆ ದಿನವೂ ಬಹುಮಾನ ಸಿಗುತ್ತದೆ. ಸಹಕಾರಿ ಡೇರಿ ಇದಕ್ಕೆ ಕಟ್ಟಿದ ಅಣೆಕಟ್ಟು ಎರಡು ಕಲ್ಲಿನದು. ಮೊದಲನೆಯದು, ಹಾಲಿಗೆ ದರ ಅದರ ಕೊಬ್ಬು ಮತ್ತು ಕೊಬ್ಬೇತರ ಘನಾಂಶದ ಮೇಲೆ, ಅಂದರೆ ಡೇರಿಯ ಮಾತಿನಲ್ಲಿ ಫ್ಯಾಟು ಮತ್ತು ಎಸ್‌ಎನ್‌ಎಫ್ ಮೇಲೆ. ಫ್ಯಾಟು 3.5, ಎಸ್‌ಎನ್‌ಎಫ್ 8.5 ಇರುವ ನೂರು ಲೀಟರು ಹಾಲಿಗೆ ಹತ್ತು ಲೀಟರು ನೀರು ಸುರಿದರೆ ಫ್ಯಾಟು 3.2ರ ಕೆಳಗಿಳಿಯುತ್ತದೆ, ಎಸ್‌ಎನ್‌ಎಫ್ 7.7ರ ಹತ್ತಿರ ಬಂದು ನಿಲ್ಲುತ್ತದೆ. ನೀರು ಹೆಚ್ಚಿಸಿದ ತೂಕವನ್ನು ದರವೇ ಕಿತ್ತುಕೊಳ್ಳುತ್ತದೆ. ಸಾಲದ್ದಕ್ಕೆ ಹಾಲು ಕೆಳದರ್ಜೆಗೆ ಬಿದ್ದು ವಾಪಸಾಗುವ ಭಯ. ಎರಡನೆಯ ಕಲ್ಲು, ಒಂದೇ ಹಾಲನ್ನು ಎರಡು ಕಡೆ ಅಳೆಯುವುದು. ಸಂಘದ ಕಾರ್ಯದರ್ಶಿ ಮತ್ತು ಹಾಲು ಪರೀಕ್ಷಕ ಹಳ್ಳಿಯಲ್ಲಿ ಅಳೆದು ಬರೆದು ಕಳಿಸುತ್ತಾರೆ. ಡೇರಿಯ ಕಟ್ಟೆಯ ಮೇಲೆ ಒಕ್ಕೂಟದ ಸಿಬ್ಬಂದಿ ಆ ಸಂಘದ ಕ್ಯಾನುಗಳನ್ನೇ ಬೇರೆಯಾಗಿ ತೂಗಿ ಮಾದರಿ ತೆಗೆಯುತ್ತಾರೆ. ಎರಡು ಲೆಕ್ಕದ ನಡುವಿನ ಕೊರತೆ ದಾರಿಯಲ್ಲಿ ಆದದ್ದು. ತಡವಾಗಿ ಬಂದು ಹಾಲು ಒಡೆದರೆ ಗುತ್ತಿಗೆದಾರನಿಂದ ಕಡಿತ. ಗಾಡಿಯವನು ಸಜ್ಜನನೋ ಅಲ್ಲವೋ ಎಂದು ವಿಚಾರಿಸುವ ಗೊಡವೆಯೇ ಸಂಸ್ಥೆಗೆ ಇರಲಿಲ್ಲ. ಎರಡು ಅಳತೆಗಳ ನಡುವೆ ಅವನನ್ನು ನಿಲ್ಲಿಸಿದರೆ ಸಾಕಿತ್ತು.

ಈ ಅಳತೆಯ ದುರ್ಬಲ ಭಾಗ ಹಳ್ಳಿಯ ತುದಿಯಲ್ಲಿತ್ತು. ಅಲ್ಲಿ ನಡೆಯುತ್ತಿದ್ದದ್ದು ಗರ್ಬರ್ ಪರೀಕ್ಷೆ. ಗಾಜಿನ ಕೊಳವೆಗೆ ಹತ್ತು ಮಿಲಿಲೀಟರು ಗಂಧಕಾಮ್ಲ, ಅದರ ಮೇಲೆ 10.75 ಮಿಲಿಲೀಟರು ಹಾಲು, ಕೊನೆಗೆ ಒಂದು ಮಿಲಿಲೀಟರು ಅಮೈಲ್ ಆಲ್ಕೊಹಾಲು ಹಾಕಿ, ಬಿರಡೆ ಬಿಗಿದು, ತಿರುಗುವ ಯಂತ್ರದಲ್ಲಿ ಕೆಲವು ನಿಮಿಷ ತಿರುಗಿಸಿದರೆ ಕೊಬ್ಬು ಮೇಲೆ ಗೆರೆಯಾಗಿ ನಿಲ್ಲುತ್ತದೆ. ಪರೀಕ್ಷೆ ಕರಾರುವಾಕ್ಕಾದದ್ದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ನೂರು ಜನ ಸಾಲಿನಲ್ಲಿ ನಿಂತಿರುವಾಗ ಒಬ್ಬೊಬ್ಬರದನ್ನೂ ಅವರ ಮುಂದೆಯೇ ಮಾಡಿ ಮುಗಿಸಲಾಗದು. ಮಾದರಿ ತೆಗೆದಿಟ್ಟು ಜನ ಹೋದ ಮೇಲೆ ಪರೀಕ್ಷೆ ಮಾಡಬೇಕು, ಪುಸ್ತಕದಲ್ಲಿ ಬರೆಯಬೇಕು, ಮರುದಿನ ಹೇಳಬೇಕು. ಹಾಲು ಹಾಕಿದ ಹೆಂಗಸು ಆ ಗೆರೆಯನ್ನು ನೋಡುತ್ತಿರಲಿಲ್ಲ; ಪುಸ್ತಕದ ಅಂಕಿಯನ್ನು ನಂಬಬೇಕಿತ್ತು. ಊರಿನ ಜಾತಿ, ಓಣಿ, ಚುನಾವಣೆ ಇವೆಲ್ಲ ಈ ನಂಬಿಕೆಯ ನಡುವೆ ತೂರಿಕೊಳ್ಳಲು ಜಾಗವಿತ್ತು. ಪಾಲ್ಸನ್ನಿನ ಕಂಟ್ರಾಕ್ಟರನನ್ನು ಓಡಿಸಿ ಕೂರಿಸಿದ ತಕ್ಕಡಿಗೆ ಊರಿನ ದೊಡ್ಡವರ ಬೆರಳು ತಗುಲಿದ ದೂರುಗಳು ಸಹಕಾರ ಚಳವಳಿಗೆ ಹೊಸದಲ್ಲ.

ಡಿಜಿಟಲ್ ತಂತ್ರಜ್ಞಾನ ಬಂದು ಕೂತದ್ದು ಸರಿಯಾಗಿ ಈ ಜಾಗದಲ್ಲಿ. ಸ್ವಯಂಚಾಲಿತ ಹಾಲು ಸಂಗ್ರಹ ಘಟಕ ಎಂದು ಕಡತದಲ್ಲಿ ಬರೆಯುವ, ಹಳ್ಳಿಯಲ್ಲಿ ಬರೀ ‘ಮಿಷನ್ನು’ ಎನ್ನುವ ಸಾಧನ ಹೊರಗಣ್ಣಿಗೆ ಅಂಥ ಅದ್ಭುತವಲ್ಲ: ಒಂದು ಎಲೆಕ್ಟ್ರಾನಿಕ್ ತಕ್ಕಡಿ, ಹಾಲಿನೊಳಗೆ ಶ್ರವಣಾತೀತ ತರಂಗ ಹಾಯಿಸಿ ಒಂದು ನಿಮಿಷದೊಳಗೆ ಫ್ಯಾಟು, ಎಸ್‌ಎನ್‌ಎಫ್ ಹೇಳುವ ಪರೀಕ್ಷಕ, ಒಂದು ಚಿಕ್ಕ ಕಂಪ್ಯೂಟರು, ಚೀಟಿ ಮುದ್ರಿಸುವ ಯಂತ್ರ. ಗುಜರಾತಿನ ಸಂಘಗಳಲ್ಲಿ ತೊಂಬತ್ತರ ದಶಕದಲ್ಲೇ ಬಳಕೆಗೆ ಬಂದ ಇದು ನಮ್ಮಲ್ಲಿ ನಿಧಾನವಾಗಿ ಹರಡಿತು. ಇದರ ಲಾಭ ಹೇಳುವಾಗ ಎಲ್ಲರೂ ವೇಗದ ಮಾತಾಡುತ್ತಾರೆ: ಸಾಲು ಬೇಗ ಕರಗುತ್ತದೆ, ಗಾಡಿ ಕಾಯುವುದು ತಪ್ಪುತ್ತದೆ, ಲೆಕ್ಕ ಬರೆಯುವ ಹೊರೆ ಇಳಿಯುತ್ತದೆ. ಎಲ್ಲವೂ ನಿಜ. ಆದರೆ ನನ್ನ ಎಣಿಕೆಯಲ್ಲಿ ಮುಖ್ಯವಾದದ್ದು ಬೇರೆ. ಅಂಕಿ ತೋರಿಸುವ ಕೆಂಪು ದೀಪದ ಫಲಕ ಹಾಲು ಹಾಕುವವರ ಕಡೆ ಮುಖ ಮಾಡಿದೆ. ತನ್ನ ಹಾಲಿನ ಫ್ಯಾಟು ಎಷ್ಟೆಂದು ಕಾರ್ಯದರ್ಶಿಗೆ ತಿಳಿಯುವ ಕ್ಷಣದಲ್ಲೇ ಕ್ಯಾನು ಹಿಡಿದು ನಿಂತವಳಿಗೂ ತಿಳಿಯುತ್ತದೆ. ನಿನ್ನೆಗಿಂತ ಇಂದು ಕಡಿಮೆ ಏಕೆ ಎಂದು ಅವಳು ಅಲ್ಲೇ ಕೇಳಬಹುದು. ಮನೆಗೆ ಹೋಗಿ ಹಿಂಡಿಯ ಅಳತೆ, ಹಸಿಮೇವಿನ ಅಳತೆ ಬದಲಿಸಿ ಮೂರು ದಿನದ ಮೇಲೆ ಚೀಟಿ ನೋಡಬಹುದು. ಖೇಡಾದ ರೈತರು ಕೇಳಿದ್ದ ‘ಕಣ್ಣೆದುರಿನ ಪರೀಕ್ಷೆ’ ಪೂರ್ತಿಯಾಗಿ ಕೈಗೂಡಿದ್ದು ಹೀಗೆ, ಅರ್ಧ ಶತಮಾನ ಕಳೆದ ಮೇಲೆ.

ಅದೇ ಅಂಕಿ ಬಟವಾಡೆಗೂ ದಾರಿಯಾಯಿತು. ರಾಜ್ಯ ಸರ್ಕಾರ 2008ರಲ್ಲಿ ಲೀಟರಿಗೆ ಎರಡು ರೂಪಾಯಿ ಪ್ರೋತ್ಸಾಹಧನ ಕೊಡತೊಡಗಿ, 2013ರಲ್ಲಿ ನಾಲ್ಕಕ್ಕೆ, 2016ರಲ್ಲಿ ಐದಕ್ಕೆ ಏರಿಸಿತು. ಯಾರು ಎಷ್ಟು ಲೀಟರು ಹಾಕಿದರು ಎಂಬ ಲೆಕ್ಕ ಹಳ್ಳಿಯ ಪುಸ್ತಕದಲ್ಲೇ ಉಳಿದಿದ್ದರೆ ಈ ಹಣ ಸಂಘದ ಮೇಜಿನ ಮೇಲೆಯೇ ಹಂಚಿಕೆಯಾಗಬೇಕಿತ್ತು. ಸದಸ್ಯರ ಲೆಕ್ಕ ಕಂಪ್ಯೂಟರಿಗೆ ಏರಿದ್ದರಿಂದ ಅದು ನೇರವಾಗಿ ಅವರವರ ಬ್ಯಾಂಕು ಖಾತೆಗೆ ಹೋಗುವಂತಾಯಿತು. ಹಣ ಬರಲು ತಡವಾಗುತ್ತದೆ ಎಂಬ ಗೊಣಗು ಉಂಟು, ನ್ಯಾಯವಾದದ್ದೇ. ಆದರೆ ಆ ತಡಕ್ಕೆ ಕಾರಣ ಖಜಾನೆ, ಲೆಕ್ಕವಲ್ಲ.

ಇಲ್ಲಿಗೆ ನಿಲ್ಲಿಸಿದರೆ ಇದು ಹೊಗಳಿಕೆಯ ಲೇಖನವಾದೀತು. ಕಥೆಗೆ ಇನ್ನೊಂದು ಮಗ್ಗುಲಿದೆ. ಹಳ್ಳಿಗಳಲ್ಲೇ ಹಾಲನ್ನು ನಾಲ್ಕು ಡಿಗ್ರಿಗೆ ತಂಪು ಮಾಡಿಡುವ ದೊಡ್ಡ ತೊಟ್ಟಿಗಳು, ಡೇರಿಯವರ ಮಾತಿನಲ್ಲಿ ಬಿಎಂಸಿ, ಬಂದ ಮೇಲೆ ಸಾಗಣೆಯ ಚಹರೆಯೇ ಬದಲಾಯಿತು. ಸುತ್ತಲ ಸಂಘಗಳ ಹಾಲು ಒಂದು ಕೇಂದ್ರಕ್ಕೆ ಬಂದು ತಂಪಾಗುತ್ತದೆ. ಅಲ್ಲಿಂದ ಟ್ಯಾಂಕರು ಒಯ್ಯುತ್ತದೆ. ಸಂಜೆಯ ಹಾಲು ಒಡೆಯುವ ಭಯ ಹೋಯಿತು, ಎರಡು ಹೊತ್ತಿನ ಓಡಾಟ ಒಂದು ಹೊತ್ತಿಗಿಳಿಯಿತು. ಹತ್ತು ಸಾವಿರ ಲೀಟರಿನ ಒಂದು ಟ್ಯಾಂಕರು ಇನ್ನೂರೈವತ್ತು ಕ್ಯಾನುಗಳ ಕೆಲಸ ಮಾಡುತ್ತದೆ. ದಕ್ಷತೆಯ ಕಣ್ಣಿನಲ್ಲಿ ಇದಕ್ಕಿಂತ ಒಳ್ಳೆಯ ಬದಲಾವಣೆ ಇಲ್ಲ. ಆದರೆ ಅಳತೆಯ ಕಣ್ಣಿನಲ್ಲಿ ಒಂದು ಗಂಟು ಸದ್ದಿಲ್ಲದೆ ಬಿಚ್ಚಿಕೊಂಡಿತು. ಕ್ಯಾನಿನ ಕಾಲದಲ್ಲಿ ಡೇರಿಯ ಕಟ್ಟೆಯ ಮೇಲೆ ಪ್ರತಿ ಸಂಘದ ಹಾಲಿಗೂ ಅದರದೇ ಗುರುತಿತ್ತು. ಟ್ಯಾಂಕರಿನಲ್ಲಿ ಹಲವು ಊರುಗಳ ಹಾಲು ಒಂದಾಗಿ ಬರುತ್ತದೆ. ಒಂದು ಕ್ಯಾನಿಗೆ ನೀರು ಸುರಿದವನ ಕಳ್ಳತನ ಒಂದೆರಡು ಲೀಟರಿನದು. ಟ್ಯಾಂಕರಿನಲ್ಲಿ ಅದೇ ಕೈಚಳಕ ಸಾವಿರದ ಲೆಕ್ಕಕ್ಕೆ ಹೋಗುತ್ತದೆ.

2021ರಲ್ಲಿ ಮಂಡ್ಯ ಜಿಲ್ಲಾ ಹಾಲು ಒಕ್ಕೂಟದಲ್ಲಿ ಬಯಲಿಗೆ ಬಂದ ಪ್ರಕರಣ ಈ ಬಿಚ್ಚಿಕೊಂಡ ಗಂಟಿನದು. ಹಾಲು ಸಾಗಿಸುವ ಗುತ್ತಿಗೆ ಟ್ಯಾಂಕರುಗಳೊಳಗೆ ನೀರಿಗೆಂದೇ ಗುಟ್ಟಾದ ಅರೆ ಮಾಡಿಸಲಾಗಿತ್ತು, ಮಾದರಿ ತೆಗೆಯುವಾಗ ಒಳ್ಳೆಯ ಹಾಲು ಸಿಗುವಂತೆ ಉಪಾಯ ಹೂಡಲಾಗಿತ್ತು ಎಂಬುದು ಆರೋಪ. ಪ್ರಕರಣ ದಾಖಲಾಯಿತು, ಕೆಲವರು ಅಮಾನತಾದರು, ತನಿಖೆ ಸಿಐಡಿಗೆ ಹೋಯಿತು. ಹೈನುಗಾರಿಕೆಯ ಕಥೆ ಹೇಳುವಾಗ ಇಂಥದನ್ನು ಏಕೆ ಬರೆಯಬೇಕು ಎಂದು ಕೇಳುವವರಿದ್ದಾರೆ. ಈ ಪ್ರಕರಣ ಬಿಟ್ಟರೆ ನಮ್ಮ ಸಾಗಣೆಯ ಇತಿಹಾಸವೇ ಅರ್ಥವಾಗುವುದಿಲ್ಲ, ಅದಕ್ಕೇ ಬರೆಯಬೇಕು. ಆರೋಪದ ಒಳಗನ್ನು ನೋಡಿ: ಮೋಸ ನಡೆದದ್ದು ಹಳ್ಳಿಯ ಮಿಷನ್ನಿನ ಮುಂದಲ್ಲ, ಪ್ರಯೋಗಾಲಯದ ಲೆಕ್ಕದಲ್ಲೂ ಅಲ್ಲ, ಎರಡು ಅಳತೆಗಳ ನಡುವಿನ ದಾರಿಯಲ್ಲಿ, ಮಾದರಿ ತೆಗೆಯುವ ಘಳಿಗೆಯಲ್ಲಿ. ಅಳತೆಯ ಎರಡನೆಯ ಕಲ್ಲು ಅಲ್ಲಾಡಿದ ಕಡೆ ನೀರು ನುಗ್ಗಿತು.

ಇದನ್ನು ಹಿಡಿದು ಕೆಲವರು ಹೊರಗುತ್ತಿಗೆಯೇ ತಪ್ಪು, ಒಕ್ಕೂಟಗಳು ಸ್ವಂತ ಟ್ಯಾಂಕರು ಕೊಂಡು ಸ್ವಂತ ಚಾಲಕರನ್ನು ಇಟ್ಟುಕೊಳ್ಳಬೇಕು ಎನ್ನುತ್ತಾರೆ. ಈ ವಾದಕ್ಕೆ ಬಲವಿದೆ ಎಂದು ಮೇಲುನೋಟಕ್ಕೆ ಅನ್ನಿಸುತ್ತದೆ. ಒಂದಿಷ್ಟು ಸ್ವಂತ ಗಾಡಿ ಕೈಯಲ್ಲಿದ್ದರೆ ಗುತ್ತಿಗೆದಾರರೆಲ್ಲ ಒಂದಾಗಿ ದರ ಏರಿಸಿದಾಗ ಒಕ್ಕೂಟಕ್ಕೆ ಆಸರೆ ಎಂಬುದನ್ನೂ ಒಪ್ಪುತ್ತೇನೆ. ಆದರೆ ಸ್ವಂತ ಗಾಡಿಯೊಳಗೆ ಗುಟ್ಟಿನ ಅರೆ ಇರಲಾರದು ಎಂದು ಯಾರು ಹೇಳಬಲ್ಲರು? ನಮ್ಮ ಸರ್ಕಾರಿ ಗಾಡಿಗಳ ಡೀಸೆಲ್ಲಿನ ಲೆಕ್ಕ ಬಲ್ಲವರಿಗೆ ಒಡೆತನವೊಂದೇ ಪ್ರಾಮಾಣಿಕತೆಗೆ ಹೊಣೆಯಲ್ಲವೆಂದು ಗೊತ್ತು. ಮೇಲಾಗಿ ಮಾದರಿ ತೆಗೆಯುವವನು ಒಳಗಿನವನೇ. ಅವನು ಕಣ್ಣುಮುಚ್ಚಿದರೆ ಗಾಡಿ ಯಾರದಾದರೇನು, ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ರೋಗ ಗಾಡಿಯದಲ್ಲ, ಅಳತೆಯದು; ಮದ್ದೂ ಅಲ್ಲೇ ಬೇಕು. ಟ್ಯಾಂಕರಿನ ಮುಚ್ಚಳಕ್ಕೂ ನಲ್ಲಿಗೂ ಸಂಖ್ಯೆಯಿರುವ ಮೊಹರು, ಹೊರಟ ಹೊತ್ತು ಮತ್ತು ನಿಂತ ಜಾಗ ತೋರಿಸುವ ಜಿಪಿಎಸ್, ಬಿಎಂಸಿಯಲ್ಲಿ ತೆಗೆದ ಮಾದರಿಯ ಒಂದು ಪಾಲು ಗಾಡಿಯವನ ಕೈಗೆ ಸಿಗದಂತೆ ಬೇರೆ ದಾರಿಯಲ್ಲಿ ಡೇರಿ ಸೇರುವುದು, ಖಾಲಿ ಟ್ಯಾಂಕರಿನ ತೂಕವನ್ನೂ ಒಳಗಿನ ಗಾತ್ರವನ್ನೂ ಆಗಾಗ ಹೊಂದಿಸಿ ನೋಡುವುದು: ಇವು ಯಾವುವೂ ದೊಡ್ಡ ತಂತ್ರಜ್ಞಾನವಲ್ಲ. ಜಿಪಿಎಸ್ ಒಂದನ್ನೇ ಹಾಕಿ ಕೆಲಸ ಮುಗಿಯಿತೆಂದುಕೊಂಡರೆ ಪರದೆಯ ಮೇಲೆ ಚುಕ್ಕೆ ಓಡುವುದು ಕಾಣುತ್ತದೆ. ಟ್ಯಾಂಕರಿನ ಹೊಟ್ಟೆಯೊಳಗೆ ಏನಿದೆಯೆಂದು ಆ ಚುಕ್ಕೆ ಹೇಳುವುದಿಲ್ಲ.

ಹೊರಗುತ್ತಿಗೆಯ ಮೇಲೆ ಇನ್ನೊಂದು ಆಕ್ಷೇಪವಿದೆ, ಅದಕ್ಕೆ ನನ್ನ ಬಳಿ ಇಷ್ಟು ಸಲೀಸಾದ ಉತ್ತರವಿಲ್ಲ. ಸಂಸ್ಥೆ ಉಳಿಸಿದ ಖಾಲಿ ಹೊತ್ತಿನ ಬೆಲೆಯನ್ನು ಯಾರೋ ಒಬ್ಬರು ತೆತ್ತಿದ್ದಾರೆ. ಬೆಳಗಿನ ಜಾವ ಮೂರಕ್ಕೆ ಎದ್ದು ಕ್ಯಾನು ಎತ್ತಿ ಇಳಿಸುವವನು, ನಸುಕಿನಲ್ಲಿ ಹಾಲಿನ ಕ್ರೇಟು ಬೂತಿನ ಮುಂದೆ ಇಳಿಸಿ ಹೋಗುವವನು ಒಕ್ಕೂಟದ ಹಾಜರಿ ಪುಸ್ತಕದಲ್ಲಿ ಇಲ್ಲ. 2020ರ ಲಾಕ್‌ಡೌನಿನಲ್ಲಿ ಊರೆಲ್ಲ ಬಾಗಿಲು ಹಾಕಿಕೊಂಡಾಗಲೂ ಈ ಜನ ಗಾಡಿ ಓಡಿಸಿದರು. ಹೋಟೆಲುಗಳಿಗೆ ಹೋಗದೆ ಮಿಕ್ಕ ಹಾಲನ್ನು ಸರ್ಕಾರ ಬಡವರಿಗೆ ಪುಕ್ಕಟೆ ಹಂಚಿದಾಗ ಅದು ಮನೆ ಸೇರಿದ್ದು ಇವರಿಂದ. ಕಿಲೋಮೀಟರಿನ ದರವನ್ನು ಟೆಂಡರಿನಲ್ಲಿ ಇಳಿಸಿ ಇಳಿಸಿ ಪಡೆದ ಉಳಿತಾಯ ಕೊನೆಗೆ ಅವರ ಕೂಲಿಯಿಂದ ಬಂದದ್ದಾದರೆ ಅದನ್ನು ದಕ್ಷತೆ ಎನ್ನುವುದು ಕಷ್ಟ. ಗುತ್ತಿಗೆದಾರನಿಗೆ ಅತಿ ಕಡಿಮೆ ದರ ಕಟ್ಟಿದ ಕಡೆಯೇ ನೀರಿನ ಆಸೆಯೂ ಹುಟ್ಟುತ್ತದೆ ಎಂಬುದು ಲೆಕ್ಕ ಬಲ್ಲ ಯಾರಿಗೂ ಹೊಳೆಯುವ ಮಾತು. ಭವಿಷ್ಯ ನಿಧಿ, ವಿಮೆ, ಕೆಲಸದ ಹೊತ್ತು ಇವನ್ನು ಟೆಂಡರಿನ ಷರತ್ತಾಗಿಸಿ, ಅದರ ಪಾಲನೆಯನ್ನು ಹಾಲಿನ ಫ್ಯಾಟಿನಷ್ಟೇ ಕಟ್ಟುನಿಟ್ಟಾಗಿ ಅಳೆಯುವುದು ಸಹಕಾರಿ ಸಂಸ್ಥೆಗೆ ಅಸಾಧ್ಯವೇನಲ್ಲ. ಅಳತೆ ತನ್ನದೆಂದು ಎದೆತಟ್ಟಿಕೊಳ್ಳುವ ಸಂಸ್ಥೆ ಈ ಒಂದನ್ನು ಮಾತ್ರ ಗುತ್ತಿಗೆದಾರನ ಮಾತಿಗೆ ಬಿಟ್ಟಿರುವುದು ವಿಚಿತ್ರ.

ಮಾರಾಟದ ತುದಿಗೆ ಬಂದರೆ ಅಳತೆಯ ರೂಪ ಬದಲಾಗುತ್ತದೆ. ಅಲ್ಲಿ ಅಳೆಯಬೇಕಾದದ್ದು ಬೇಡಿಕೆಯನ್ನು. ಬೂತಿನ ಏಜೆಂಟು ನಾಳೆಗೆ ಇಷ್ಟು ಕ್ರೇಟು ಎಂದು ಕೊಡುವ ಇಂಡೆಂಟೇ ಡೇರಿಯ ಪಾಲಿಗೆ ಊರಿನ ನಾಡಿ. ಆ ಸಂಖ್ಯೆಗಳನ್ನು ಕೂಡಿಸಿ ಎಷ್ಟು ಹಾಲು ಪೊಟ್ಟಣಕ್ಕೆ, ಎಷ್ಟು ಮೊಸರಿಗೆ, ಎಷ್ಟು ಪುಡಿಗೆ ಎಂದು ರಾತ್ರಿಯೊಳಗೆ ಗೊತ್ತುಮಾಡುತ್ತಾರೆ. ಕೊಳ್ಳಲೇಬೇಕಾದ ಹಾಲು ಕೋಟಿ ಲೀಟರು ಮುಟ್ಟಿ, ಮಾರುವ ಹಾಲು ಅದಕ್ಕೆ ಸಮನಾಗದಿದ್ದಾಗ ಏನಾಗುತ್ತದೆಂದು 2024ರ ಜೂನ್ ತೋರಿಸಿತು: ಅರ್ಧ ಲೀಟರು, ಒಂದು ಲೀಟರಿನ ಪೊಟ್ಟಣಗಳಿಗೆ ತಲಾ ಐವತ್ತು ಮಿಲಿಲೀಟರು ಹೆಚ್ಚು ತುಂಬಿ ಎರಡು ರೂಪಾಯಿ ಹೆಚ್ಚಿಸಲಾಯಿತು. ಮರುವರ್ಷ ಏಪ್ರಿಲ್‌ನಲ್ಲಿ ಆ ಐವತ್ತನ್ನು ತೆಗೆದು ದರವನ್ನೇ ಏರಿಸಿದರು. ಅಂದರೆ ಹೆಚ್ಚಾದ ಹಾಲಿಗೆ ಕೊಳ್ಳುವವರನ್ನು ಹುಡುಕುವುದು ಹಾಲು ಸಂಗ್ರಹಿಸುವುದಕ್ಕಿಂತ ಕಠಿಣವಾಗಿದೆ. 2024ರ ನವೆಂಬರಿನಲ್ಲಿ ಮಂಡ್ಯದ ಹಾಲು ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಟ್ಯಾಂಕರಿನಲ್ಲಿ ಪಯಣಿಸಿ ದೆಹಲಿಯ ಮಾರುಕಟ್ಟೆಗೆ ಇಳಿದದ್ದೂ ಈ ಒತ್ತಡದಿಂದಲೇ.

ಈ ಹೊತ್ತಿನಲ್ಲೇ ಬೆಂಗಳೂರಿನ ಮನೆಗಳಿಗೆ ಹತ್ತು ನಿಮಿಷದಲ್ಲಿ ಹಾಲು ತಲುಪಿಸುವ ಆ್ಯಪ್‌ಗಳು ಬಂದಿವೆ. 2023ರ ಏಪ್ರಿಲ್‌ನಲ್ಲಿ ಗುಜರಾತಿನ ಅಮುಲ್ ತನ್ನ ಹಾಲನ್ನು ಬೆಂಗಳೂರಿನಲ್ಲಿ ಆನ್‌ಲೈನ್ ಮೂಲಕ ಮಾರುವುದಾಗಿ ಹೇಳಿದಾಗ ಎದ್ದ ಗದ್ದಲ ಬಹುಪಾಲು ಅಭಿಮಾನದ್ದಾಗಿತ್ತು, ಚುನಾವಣೆಯ ಬಿಸಿಯೂ ಸೇರಿಕೊಂಡಿತ್ತು. ಆ ಗದ್ದಲದಲ್ಲಿ ಒಂದು ಮುಖ್ಯ ಪ್ರಶ್ನೆ ಕೇಳದೆ ಹೋಯಿತು. ಮನೆ ಬಾಗಿಲಿಗೆ ಹಾಲು ಒಯ್ಯುವ ಹುಡುಗನ ಬೈಕು ಬಾಡಿಗೆಯದಾಗಿರಲಿ. ಅದು ಕ್ಯಾನು ಗಾಡಿಯ ತಮ್ಮನೇ. ಆದರೆ ಯಾವ ಬಡಾವಣೆಯಲ್ಲಿ ಯಾವ ಹಾಲು ಎಷ್ಟು ಹೊತ್ತಿಗೆ ಖರ್ಚಾಗುತ್ತದೆ, ಯಾವ ಮನೆ ನಂದಿನಿ ಬಿಟ್ಟು ಇನ್ನೊಂದಕ್ಕೆ ಹೋಯಿತು ಎಂಬ ಲೆಕ್ಕ ಬೂತಿನ ಇಂಡೆಂಟಿನಿಂದ ಜಾರಿ ಆ್ಯಪ್ ಕಂಪನಿಯ ಕಂಪ್ಯೂಟರಿಗೆ ಸೇರುತ್ತಿದೆ. ಒಕ್ಕೂಟಕ್ಕೆ ಸಿಗುವುದು ಆ ಕಂಪನಿಯ ಒಟ್ಟು ಬೇಡಿಕೆಯ ಒಂದು ಸಂಖ್ಯೆ. ಸಾಗಣೆಯ ಜೊತೆಗೆ ಅಳತೆಯನ್ನೂ ಕೊಟ್ಟದ್ದು ಇದು, 1945ರ ಮುಂಬಯಿಯ ಹಾಗೆ. ಪಾಲ್ಸನ್ನಿಗೆ ಕೊಟ್ಟದ್ದು ಹಳ್ಳಿಯ ತುದಿಯ ತಕ್ಕಡಿ, ಈಗ ಕೈಬಿಡುತ್ತಿರುವುದು ನಗರದ ತುದಿಯದು. ಆ್ಯಪ್‌ಗಳಿಗೆ ಹಾಲು ಕೊಡಬಾರದೆಂದು ಇದರ ಅರ್ಥವಲ್ಲ. ಕೊಡುವ ಒಪ್ಪಂದದಲ್ಲಿ ಬಡಾವಣೆವಾರು ಮಾರಾಟದ ಲೆಕ್ಕ ದಿನವೂ ಒಕ್ಕೂಟಕ್ಕೆ ಬರಬೇಕೆಂದು ಬರೆಸಿಕೊಳ್ಳುವ ಹಕ್ಕು ಕೋಟಿ ಲೀಟರು ಹಾಲಿರುವ ಸಂಸ್ಥೆಗಲ್ಲದೆ ಮತ್ತಾರಿಗೆ ಇದ್ದೀತು?

ಇದೇ ಪ್ರಶ್ನೆಯನ್ನು ಹಳ್ಳಿಯ ಮಿಷನ್ನಿಗೂ ಕೇಳಬೇಕಾಗಿದೆ. ಆ ಪರೀಕ್ಷಕವನ್ನು ತಯಾರಿಸುವುದು ಖಾಸಗಿ ಕಂಪನಿ, ಅದರೊಳಗಿನ ತಂತ್ರಾಂಶ ಕಂಪನಿಯದು, ಹೊಂದಾಣಿಕೆ ತಪ್ಪಿದರೆ ಬಂದು ಸರಿಮಾಡುವವನು ಕಂಪನಿಯ ಹುಡುಗ. ಗಾಡಿಯನ್ನು ಹೊರಗೆ ಕೊಟ್ಟು ಅಳತೆಯನ್ನು ಉಳಿಸಿಕೊಂಡ ಸಂಸ್ಥೆ ಅಳತೆಯ ಯಂತ್ರವನ್ನು ಹೊರಗಿನಿಂದ ತಂದಿದೆ. ಫ್ಯಾಟಿನ ಅಂಕಿ ಒಂದು ದಶಾಂಶ ಅತ್ತಿತ್ತ ವಾಲಿದರೂ ಅದು ಒಂದು ಹಳ್ಳಿಯಲ್ಲಿ ದಿನವೂ ನೂರು ಮನೆಗಳ ದುಡ್ಡು. ಯಂತ್ರ ಕಾಣದ ಸಂಗತಿಗಳೂ ಇವೆ. ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ದೇಶದಾದ್ಯಂತ 6,432 ಹಾಲಿನ ಮಾದರಿ ತೆಗೆಸಿತು. ಕಲಬೆರಕೆಯಿಂದ ಅಪಾಯಕಾರಿಯಾಗಿದ್ದದ್ದು ಬರೀ 12. ಆದರೆ 368 ಮಾದರಿಗಳಲ್ಲಿ ಅಫ್ಲಾಟಾಕ್ಸಿನ್ ಎಂಬ ಬೂಷ್ಟಿನ ವಿಷ ಮಿತಿ ಮೀರಿತ್ತು. ಅದು ಹಾಲಿಗೆ ಬರುವುದು ಬೂಷ್ಟು ಹಿಡಿದ ಹಿಂಡಿ, ಮೇವಿನಿಂದ. ಹಳ್ಳಿಯ ಮಿಷನ್ನಿನ ಫಲಕದ ಮೇಲೆ ಅದಕ್ಕೊಂದು ಅಂಕಿ ಇಲ್ಲ. ಆ ಹಾಲೂ ಒಳ್ಳೆಯ ಫ್ಯಾಟು ತೋರಿಸಿ ಒಳ್ಳೆಯ ದರ ಪಡೆಯುತ್ತದೆ. ಅಳೆದದ್ದಕ್ಕೆ ಮಾತ್ರ ದುಡ್ಡು ಕೊಡುವ ವ್ಯವಸ್ಥೆಯಲ್ಲಿ ಅಳೆಯದೆ ಬಿಟ್ಟದ್ದರ ಕಡೆ ಯಾರ ಗಮನವೂ ಹೋಗುವುದಿಲ್ಲ. ಮುಂದಿನ ಖರ್ಚು ಇಲ್ಲಿ ಆಗಬೇಕು: ಒಕ್ಕೂಟದ ಪ್ರಯೋಗಾಲಯಗಳಿಗೆ, ಹಿಂಡಿಯ ಪರೀಕ್ಷೆಗೆ, ಮಿಷನ್ನುಗಳ ಹೊಂದಾಣಿಕೆಯನ್ನು ಕಂಪನಿಯ ನೆರವಿಲ್ಲದೆ ತಾನೇ ಪರಿಶೀಲಿಸಬಲ್ಲ ಸಿಬ್ಬಂದಿಗೆ. ಆ ಪರಿಶೀಲನೆಗೆ ಹೊಸದೇನೂ ಕಂಡುಹಿಡಿಯಬೇಕಾಗಿಲ್ಲ. ಮಿಷನ್ನಿನ ಅಂಕಿಯ ಮೇಲೆ ದೂರು ಬಂದಾಗ ಅದನ್ನು ಹೋಲಿಸಿ ನೋಡಲು ಇಂದಿಗೂ ಹೊರತೆಗೆಯುವುದು ಹಳೆಯ ಗರ್ಬರ್ ಕೊಳವೆಯನ್ನೇ. ಆಮ್ಲ ಸುರಿದು, ಬಿರಡೆ ಬಿಗಿದು, ತಿರುಗಿಸಿ, ಕೊಬ್ಬು ಯಾವ ಗೆರೆಗೆ ನಿಂತಿತೆಂದು ಕಣ್ಣಿನ ಮಟ್ಟಕ್ಕೆ ಎತ್ತಿ ಓದುತ್ತಾರೆ.